ಗ್ರಾಹಕರ ಅಭಿಪ್ರಾಯ: ಸಾಯುವ ಕೋಶಗಳನ್ನು ಎಣಿಸುವ ಪೆಟ್ಟಿಗೆ

ಪೆಟ್ಟಿಗೆ ನಮ್ಮ ಮನೆಯ ಕವಳದ ಬಟ್ಟಲಿಗಿಂತ ದೊಡ್ಡದಲ್ಲ. ಒಳಗಿರುವುದು ಮೂರೇ ವಸ್ತು: ಬೆಳಕು ತಾಗದಂತೆ ಕಂದು ಬಣ್ಣದಲ್ಲಿ ಮಾಡಿದ ಒಂದು ಪುಟ್ಟ ಟ್ಯೂಬು, ಕೆಂಪು ದ್ರಾವಣವಿರುವ ಇನ್ನೊಂದು ಟ್ಯೂಬು, ನೀರಿನಂತೆ ಕಾಣುವ ಬಫರ್ ತುಂಬಿದ 50 ಮಿಲಿಲೀಟರಿನ ಬಾಟಲಿ. ಇಷ್ಟಕ್ಕೆ ನಮ್ಮ ಪ್ರಯೋಗಾಲಯ ತೆರಿಗೆ ಸೇರಿಸಿ ತೆತ್ತದ್ದು ಇಪ್ಪತ್ತೇಳು ಸಾವಿರ ರೂಪಾಯಿ. ನೂರು ಪರೀಕ್ಷೆಗೆ ಸಾಕು ಎಂದು ಹೊದಿಕೆಯ ಮೇಲೆ ಬರೆದಿದೆ. ಕೈ ನಡುಗದವರಿಗೆ ಸಾಕಾಗಬಹುದು. ನನ್ನದು ತೊಂಬತ್ತೊಂದಕ್ಕೆ ಮುಗಿಯಿತು.

ಇದು ಅನೆಕ್ಸಿನ್-5 ಮತ್ತು ಪ್ರೊಪಿಡಿಯಮ್ ಅಯೊಡೈಡ್ ಕಿಟ್. ಸಾಯಲು ಹೊರಟ ಕೋಶ ಯಾವುದು, ಸತ್ತೇ ಹೋದದ್ದು ಯಾವುದು, ಇನ್ನೂ ಬದುಕಿರುವುದು ಯಾವುದು ಎಂದು ಬಣ್ಣ ಹಚ್ಚಿ ಬೇರೆ ಮಾಡಿ ತೋರಿಸುತ್ತದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಾಲ್ಕಾರು ಕಂಪನಿಗಳು ಮಾರುವ ಕಿಟ್‌ಗಳ ಒಳಗೆ ಇರುವುದು ಹೆಚ್ಚುಕಡಿಮೆ ಇದೇ, ಬೇರೆಯಾಗಿರುವುದು ಮುಚ್ಚಳದ ಬಣ್ಣ ಮತ್ತು ಬೆಲೆ. ಮಾರುವವರ ತಾಣಗಳಲ್ಲಿ ಸಿಗುವ ಅಭಿಪ್ರಾಯಗಳೆಲ್ಲ ಐದು ನಕ್ಷತ್ರದವು, ಎಲ್ಲವೂ ಎರಡೇ ಸಾಲಿನವು. ಈ ವರ್ಷ ನಮ್ಮಲ್ಲಿಗೆ ಸೇರಿದ ಹಾವೇರಿಯ ಹುಡುಗಿಯೊಬ್ಬಳು ‘ಅಕ್ಕಾ, ಇದನ್ನು ಕೊಳ್ಳಬಹುದೇ?’ ಎಂದು ಕೇಳಿದಾಗ ಎರಡು ಸಾಲಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಮೊದಲು ಒಂದು ಮಾತಿನ ತೊಡಕು. ಕೋಶದ ಮೇಲಿದ್ದು ಹೊರಗಿನ ಸಂದೇಶ ಹಿಡಿಯುವ ಪ್ರೋಟೀನಾದ ರಿಸೆಪ್ಟರನ್ನು ಕನ್ನಡದ ವಿಜ್ಞಾನ ಪುಸ್ತಕಗಳು ಗ್ರಾಹಕ ಎನ್ನುತ್ತವೆ. ದುಡ್ಡು ಕೊಟ್ಟು ಕೊಳ್ಳುವವರೂ ಗ್ರಾಹಕರೇ. ಹಾಗಾಗಿ ಈ ಬರಹದಲ್ಲಿ ಇಬ್ಬರು ಗ್ರಾಹಕರಿದ್ದಾರೆ: ಬಿಲ್ಲು ಹಿಡಿದು ಗೊಣಗುತ್ತಿರುವ ನಾನು ಒಬ್ಬಳು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ಟಿ ಕೋಶದ ಮೈಮೇಲೆ ಕುಳಿತು, ಸಾವಿನ ಕಾಗದ ಬಂದರೆ ಸಹಿ ಹಾಕಿ ಒಳಗೆ ತಲುಪಿಸುವ ‘ಫಾಸ್’ ಇನ್ನೊಂದು. ಗೊಂದಲ ಬೇಡವೆಂದು ಅದನ್ನು ರಿಸೆಪ್ಟರ್ ಎಂದೇ ಕರೆಯುತ್ತೇನೆ.

ಫಾಸ್ ಎಂಬ ಹೆಸರನ್ನು ಶಿರಸಿಯಲ್ಲಿರುವ ಆಯಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ಕೇಳಿಸಿದ್ದು ‘ಪಾಶ’. ‘ಯಮನ ಕೈಯಲ್ಲಿ ಇರುತ್ತದಲ್ಲ, ಅದೇ?’ ಎಂದಳು. ಅದೇ ಎಂದೆ. ಆಮೇಲೆ ಯೋಚಿಸಿದರೆ ಪೂರ್ತಿ ಅದೇ ಅಲ್ಲ. ಯಮನ ಪಾಶ ಹೊರಗಿನಿಂದ ಬಂದು ಕೊರಳಿಗೆ ಬೀಳುತ್ತದೆ. ಟಿ ಕೋಶವಾದರೆ ಕುಣಿಕೆಯನ್ನು ತಾನೇ ಹೆಣೆದು, ತಾನೇ ತೊಟ್ಟು ಓಡಾಡುತ್ತದೆ. ಎಳೆಯುವ ಕೈ ಮಾತ್ರ ಹೊರಗಿನದು. ಆ ಕೈಯ ಹೆಸರು ಫಾಸ್ ಲೈಗ್ಯಾಂಡ್. ಎಷ್ಟೋ ಸಲ ಅದೂ ಪಕ್ಕದ ಟಿ ಕೋಶದ್ದೇ.

ರಿಸೆಪ್ಟರಿಗಿಂತ ಮೊದಲು ಗೊತ್ತಾದದ್ದು ಅದನ್ನು ಎಳೆಯುವ ಉಪಾಯ. 1989ರಲ್ಲಿ ಜಪಾನಿನ ಶಿನ್ ಯೋನೆಹಾರ ಮತ್ತು ಸಂಗಡಿಗರು ಮನುಷ್ಯರ ಕೋಶಗಳನ್ನು ಇಲಿಗೆ ಚುಚ್ಚಿ, ಇಲಿ ತಯಾರಿಸಿದ ಪ್ರತಿಕಾಯಗಳಲ್ಲಿ (ಆಂಟಿಬಾಡಿ) ಕೋಶಗಳನ್ನು ಕೊಲ್ಲುವಂಥದ್ದನ್ನು ಹುಡುಕಿ ತೆಗೆದರು. ಎಫ್‌ಎಸ್-7 ಎಂಬ ಕೋಶದ ಮೈಮೇಲೆ ಸಿಕ್ಕಿದ ಗುರುತಾದ್ದರಿಂದ ‘ಫಾಸ್’ ಎಂಬ ಹೆಸರು. ಅದೇ ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೀಟರ್ ಕ್ರಾಮರ್ ಅವರ ತಂಡ ಇದೇ ಬಗೆಯ ಇನ್ನೊಂದು ಪ್ರತಿಕಾಯವನ್ನು ಪ್ರಕಟಿಸಿತು. ಅವರು ಇಟ್ಟ ಹೆಸರು ಎಪಿಒ-1. ಎರಡೂ ಒಂದನ್ನೇ ಹಿಡಿಯುತ್ತವೆ ಎಂಬುದು ಆಮೇಲೆ ತಿಳಿಯಿತು. 1991ರಲ್ಲಿ ಶಿಗೆಕಾಜು ನಗಾತಾ ಅವರ ತಂಡ ಫಾಸ್‌ನ ಜೀನನ್ನು ಹೊರತೆಗೆಯಿತು. ಮರುವರ್ಷವೇ ಇನ್ನೊಂದು ಸಂಗತಿ ಹೊರಬಿತ್ತು. ಬೆಳೆಯುತ್ತಿದ್ದಂತೆ ದುಗ್ಧಗ್ರಂಥಿಗಳು ಊದಿಕೊಂಡು, ತನ್ನ ಪ್ರತಿರಕ್ಷೆಯೇ ತನ್ನ ಮೈಯನ್ನು ಕಡಿಯುವ ರೋಗಕ್ಕೆ ಬೀಳುವ ಇಲಿಯ ತಳಿಯೊಂದಿತ್ತು, ಹೆಸರು ಎಲ್‌ಪಿಆರ್. ಅದರಲ್ಲಿ ಕೆಟ್ಟಿದ್ದದ್ದು ಇದೇ ಜೀನು. ಸಾಯಬೇಕಾದ ಕೋಶಗಳು ಸಾಯದೆ ಗುಂಪುಗೂಡಿದ್ದೇ ಆ ಊತ. 1995ರಲ್ಲಿ ಇಂಥದೇ ದೋಷ ಮಕ್ಕಳಲ್ಲೂ ಕಂಡಿತು; ಆ ಕಾಯಿಲೆಯನ್ನು ಎಎಲ್‌ಪಿಎಸ್ ಎನ್ನುತ್ತಾರೆ. ನೆಗಡಿಯಿಲ್ಲ, ಜ್ವರವಿಲ್ಲ, ಆದರೂ ತಿಂಗಳುಗಟ್ಟಲೆ ಕುತ್ತಿಗೆಯ ಗಂಟು ಇಳಿಯದು, ಗುಲ್ಮ ದೊಡ್ಡದಾಗಿರುತ್ತದೆ.

ಇದನ್ನೆಲ್ಲ ಕಿಟ್‌ನ ವಿಮರ್ಶೆಯಲ್ಲಿ ಏಕೆ ಹೇಳಬೇಕೆಂದರೆ, ಆ ಯೋನೆಹಾರ ತಂಡದ ಪ್ರತಿಕಾಯ ಇವತ್ತಿಗೂ ಮಾರಾಟಕ್ಕಿದೆ, ಸಿಎಚ್-11 ಎಂಬ ಹೆಸರಿನಲ್ಲಿ. ಕಿಟ್‌ನ ಜೊತೆಗೆ ಬರುವುದಿಲ್ಲ, ಬೇರೆಯಾಗಿ ತರಿಸಬೇಕು. ತರಿಸುವಾಗ ಒಂದು ಎಚ್ಚರಿಕೆ. ಫಾಸ್ ರಿಸೆಪ್ಟರಿಗೆ ಯಾರೋ ಬಂದು ತಾಗಿದರೆ ಸಾಲದು. ಹಲವು ರಿಸೆಪ್ಟರುಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಹತ್ತಿರ ತರಬೇಕು. ಸಿಎಚ್-11 ಐಜಿಎಂ ಜಾತಿಯದು, ಐದು ಅಣುಗಳು ಸೇರಿ ಆದದ್ದು, ಆ ಕೆಲಸವನ್ನು ಒಂದೇ ಏಟಿಗೆ ಮಾಡುತ್ತದೆ. ಎರಡು ತೋಳಿನ ಐಜಿಜಿ ಪ್ರತಿಕಾಯ ಅಗ್ಗವೆಂದು ತರಿಸಿದರೆ ಅದನ್ನು ಗುಂಪುಗೂಡಿಸಲು ಪ್ರೋಟೀನ್-ಎ ಸೇರಿಸಬೇಕಾಗುತ್ತದೆ. ಕೆಲವು ಐಜಿಜಿಗಳಂತೂ ಬಾಗಿಲಿಗೆ ಅಡ್ಡ ನಿಂತು ಸಾವನ್ನೇ ತಡೆಯುತ್ತವೆ. ನಮ್ಮ ಪಕ್ಕದ ಪ್ರಯೋಗಾಲಯದವರು ಅಂಥದ್ದನ್ನು ತರಿಸಿ ಎರಡು ತಿಂಗಳು ‘ನಮ್ಮ ಕೋಶಗಳು ಬಹಳ ಗಟ್ಟಿ’ ಎಂದುಕೊಂಡಿದ್ದರು.

ಈಗ ಕಿಟ್ ಮಾಡುವ ಕೆಲಸ. ಕೋಶದ ಪೊರೆ ಎರಡು ಪದರದ ಕೌದಿಯಿದ್ದಂತೆ. ಫಾಸ್ಫಟೈಡಿಲ್‌ಸೆರೀನ್ ಎಂಬ ಕೊಬ್ಬು ಆರೋಗ್ಯವಂತ ಕೋಶದಲ್ಲಿ ಯಾವಾಗಲೂ ಒಳಪದರದಲ್ಲೇ ಇರುತ್ತದೆ. ಹೊರಗೆ ಜಾರಿದ್ದನ್ನು ಎತ್ತಿ ಒಳಗೆ ಹಾಕಲು ಒಂದು ಪ್ರೋಟೀನ್ ಸದಾ ದುಡಿಯುತ್ತಿರುತ್ತದೆ. ಕೋಶ ಸಾಯಲು ಹೊರಟಾಗ ಈ ಆಳನ್ನು ಕತ್ತರಿಸಿ ಸುಮ್ಮನಾಗಿಸಲಾಗುತ್ತದೆ. ಜೊತೆಗೆ ಎರಡೂ ಪದರಗಳನ್ನು ಕಲಸಿಬಿಡುವ ಎಕ್ಸ್‌ಕೆಆರ್-8 ಎಂಬ ಇನ್ನೊಂದು ಪ್ರೋಟೀನ್ ಎಚ್ಚೆತ್ತುಕೊಳ್ಳುತ್ತದೆ. ಒಳಗಿನ ಕೊಬ್ಬು ಹೊರಗೆ ಬರುತ್ತದೆ. ದೇಹದ ಕಸ ತಿನ್ನುವ ಕೋಶಗಳಿಗೆ ಅದು ‘ನನ್ನನ್ನು ತಿನ್ನು’ ಎಂಬ ಚೀಟಿ. ಅನೆಕ್ಸಿನ್-5 ಎಂಬ ಪ್ರೋಟೀನ್ ಕ್ಯಾಲ್ಸಿಯಂ ಇದ್ದರೆ ಈ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಕಂದು ಟ್ಯೂಬಿನಲ್ಲಿರುವುದು ಇದೇ. ಅದಕ್ಕೆ ಹಸಿರು ಹೊಳಪಿನ ಎಫ್‌ಐಟಿಸಿ ಬಣ್ಣ ಕಟ್ಟಿರುತ್ತಾರೆ. ಕೆಂಪು ಟ್ಯೂಬಿನ ಪಿಐ, ಅಂದರೆ ಪ್ರೊಪಿಡಿಯಮ್ ಅಯೊಡೈಡ್, ಪೊರೆ ತೂತಾದ ಕೋಶದೊಳಕ್ಕೆ ಮಾತ್ರ ನುಗ್ಗಿ ಡಿಎನ್ಎಗೆ ಅಂಟುತ್ತದೆ. ಹಸಿರು ಮಾತ್ರ ಇದ್ದರೆ ಹೊರಟು ನಿಂತ ಕೋಶ, ಹಸಿರು ಕೆಂಪು ಎರಡೂ ಇದ್ದರೆ ಹೋಗಿಬಿಟ್ಟ ಕೋಶ, ಏನೂ ಇಲ್ಲದಿದ್ದರೆ ಜೀವಂತ. ಫ್ಲೋ ಸೈಟೋಮೀಟರ್ ಯಂತ್ರ ಕೋಶಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಿ, ಪರದೆಯ ಮೇಲೆ ನಾಲ್ಕು ಮನೆಗಳಲ್ಲಿ ಚುಕ್ಕಿ ಇಡುತ್ತದೆ. ಬಲಕ್ಕೆ ಹೋದಷ್ಟೂ ಹಸಿರು, ಮೇಲಕ್ಕೆ ಹೋದಷ್ಟೂ ಕೆಂಪು. ಚೌಕಾಬಾರದ ಕಾಯಿಯಂತೆ ಚುಕ್ಕಿಗಳು ಒಂದೇ ದಿಕ್ಕಿನಲ್ಲಿ ನಡೆಯುತ್ತವೆ: ಕೆಳಗಿನ ಎಡ ಮನೆಯಿಂದ ಕೆಳಗಿನ ಬಲಕ್ಕೆ, ಅಲ್ಲಿಂದ ಮೇಲಿನ ಬಲಕ್ಕೆ. ಹಿಂದಕ್ಕೆ ಬರುವ ಕಾಯಿ ಅಪರೂಪ.

ಬಳಸುವ ವಿಧಾನ ಸುಲಭ, ಇದು ಕಿಟ್‌ನ ದೊಡ್ಡ ಗುಣ. ಕೋಶಗಳನ್ನು ಉಪ್ಪಿನ ದ್ರಾವಣವಾದ ತಣ್ಣನೆಯ ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯಿರಿ, ಹತ್ತು ಪಟ್ಟು ತೆಳುವಾಗಿಸಿದ ಬಫರಿನಲ್ಲಿ ಒಂದು ಲಕ್ಷ ಕೋಶ ತೆಗೆದುಕೊಳ್ಳಿ, ಎರಡೂ ಬಣ್ಣ ಐದೈದು ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ ಹದಿನೈದು ನಿಮಿಷ ಇಡಿ, ಇನ್ನಷ್ಟು ಬಫರ್ ಸೇರಿಸಿ ಒಂದು ಗಂಟೆಯೊಳಗೆ ಯಂತ್ರಕ್ಕೆ ಕೊಡಿ. ಅಷ್ಟೇ. ನಮ್ಮ ಮೇಡಂ ತಮ್ಮ ಪಿಎಚ್‌ಡಿ ದಿನಗಳಲ್ಲಿ ಸಾಯುವ ಕೋಶಗಳ ಡಿಎನ್ಎ ತೆಗೆದು ಅಗರೋಸ್ ಜೆಲ್‌ನಲ್ಲಿ ರಾತ್ರಿಯಿಡೀ ಓಡಿಸುತ್ತಿದ್ದರಂತೆ. ಡಿಎನ್ಎ ಸುಮಾರು 180 ಅಕ್ಷರಗಳ ಲೆಕ್ಕದಲ್ಲಿ ತುಂಡಾಗಿರುವುದರಿಂದ ಜೆಲ್‌ನಲ್ಲಿ ಏಣಿಯ ಮೆಟ್ಟಿಲು ಮೂಡುತ್ತದೆ. ನೋಡಲು ಅದು ಬಹಳ ಚೆಂದ, ಖರ್ಚೂ ಕಡಿಮೆ. ಆದರೆ ನೂರರಲ್ಲಿ ಎಷ್ಟು ಕೋಶ ಸತ್ತವು ಎಂದು ಏಣಿ ಹೇಳುವುದಿಲ್ಲ. ಕಿಟ್ ಹೇಳುತ್ತದೆ.

ಹೇಳುತ್ತದೆ, ಸರಿಯಾಗಿ ಬಂದು ತಲುಪಿದರೆ.

ಮೊದಲ ಕಿಟ್ ಬಂದದ್ದು ಶನಿವಾರ ಮಧ್ಯಾಹ್ನ ಮೂರರ ಮೇಲೆ. ತರುವ ಮೊದಲು ಫೋನ್ ಮಾಡಿ ಎಂದು ಆರ್ಡರಿನಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದೆ. ವಿತರಕರ ಹುಡುಗ ಫೋನ್ ಮಾಡಲಿಲ್ಲ, ಗೇಟಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಇಟ್ಟು, ಸಹಿ ಪಡೆದು ಹೋದ. ಸೋಮವಾರ ಬೆಳಿಗ್ಗೆ ಕಾವಲಿನ ಹಿರಿಯರು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಮುಟ್ಟಿದರೆ ತಣ್ಣಗಿತ್ತು. ಸದ್ಯ, ಕೆಡಲಿಲ್ಲ ಎಂದು ಸಮಾಧಾನಪಟ್ಟು, ಕೇಳಬೇಕಾದ ಪ್ರಶ್ನೆಯನ್ನು ಕೇಳಲೇ ಇಲ್ಲ.

ನಮ್ಮಲ್ಲಿ ಬೆಳೆಸುವುದು ಜರ್ಕಾಟ್ ಕೋಶ. 1970ರ ದಶಕದಲ್ಲಿ ರಕ್ತದ ಕ್ಯಾನ್ಸರ್ ಇದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬನ ರಕ್ತದಿಂದ ತೆಗೆದ ಟಿ ಕೋಶಗಳ ಸಂತಾನ. ಜಗತ್ತಿನ ಎಲ್ಲ ಪ್ರತಿರಕ್ಷಾ ಪ್ರಯೋಗಾಲಯಗಳಲ್ಲೂ ಅವು ಹಾಲಿಗೆ ಹೆಪ್ಪು ಹಾಕಿದಂತೆ ಒಂದರಿಂದ ಇನ್ನೊಂದಕ್ಕೆ ಬೆಳೆದುಕೊಂಡು ಬಂದಿವೆ. ಸಿಎಚ್-11 ಹಾಕಿ, ಇನ್‌ಕ್ಯುಬೇಟರಿನಲ್ಲಿ ನಾಲ್ಕು ಗಂಟೆ ಇಟ್ಟು, ಕಿಟ್‌ನ ಬಣ್ಣ ಹಚ್ಚಿ ಯಂತ್ರಕ್ಕೆ ಕೊಟ್ಟೆ. ಬಲಗಡೆಯ ಎರಡೂ ಮನೆ ಖಾಲಿ. ಪ್ರತಿಕಾಯ ಹೆಚ್ಚಿಸಿದೆ, ಖಾಲಿ. ರಾತ್ರಿಯಿಡೀ ಇಟ್ಟೆ, ಆಗ ಮೇಲಿನ ಎಡ ಮನೆ ತುಂಬಿತು. ಅಂದರೆ ಕೆಂಪು ಇದೆ, ಹಸಿರು ಇಲ್ಲ. ಪ್ರತಿಕಾಯ ಹಳೆಯದಿರಬೇಕು ಎಂದು ಇನ್ನೊಂದು ತರಿಸಿದೆ. ಕೋಶಗಳಿಗೆ ಮೈಕೋಪ್ಲಾಸ್ಮಾ ಸೋಂಕು ತಗುಲಿದೆಯೇ ಎಂದು ಪರೀಕ್ಷಿಸಿದೆ. ಹೀಗೆ ಮೂರು ವಾರ ಹೋಯಿತು.

ಕಣ್ಣು ತೆರೆಸಿದ್ದು ಸೂಕ್ಷ್ಮದರ್ಶಕ. ಒಂದು ದಿನ ಬೇಸರದಲ್ಲಿ ಪ್ರತಿಕಾಯ ಹಾಕಿದ ತಟ್ಟೆಯನ್ನು ಹಾಗೆಯೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಕುಳಿತೆ. ಮೊದಲ ಒಂದು ಗಂಟೆ ಏನೂ ಇಲ್ಲ. ಕೋಶಗಳು ಸಾಬೂದಾನಿಯಂತೆ ದುಂಡಗೆ, ಹೊಳಪಾಗಿ ತೇಲುತ್ತಿದ್ದವು. ಎರಡನೆಯ ಗಂಟೆ ಕಳೆಯುವ ಹೊತ್ತಿಗೆ ಒಂದರ ಅಂಚಿನಲ್ಲಿ ಗುಳ್ಳೆ ಎದ್ದಿತು. ಕಾದ ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಮೈಮೇಲೆ ಏಳುತ್ತದಲ್ಲ, ಹಾಗೆ: ಇಲ್ಲೊಂದು ಏಳುತ್ತದೆ, ಅದು ತಗ್ಗುವಷ್ಟರಲ್ಲಿ ಅಲ್ಲೊಂದು, ಮತ್ತೆ ಮೂರು ಒಟ್ಟಿಗೆ. ಸ್ವಲ್ಪ ಹೊತ್ತಿನಲ್ಲಿ ಕೋಶ ಕುಗ್ಗಿತು, ಹೊಳಪು ಕಳೆದುಕೊಂಡು ಕಪ್ಪಾಯಿತು, ಕೊನೆಗೆ ಚಿಕ್ಕ ಚಿಕ್ಕ ಉಂಡೆಗಳ ಗೊಂಚಲಾಯಿತು. ಒಡೆದು ಚೆಲ್ಲಲಿಲ್ಲ, ಪ್ರತಿ ಉಂಡೆಯ ಸುತ್ತಲೂ ಪೊರೆ ಹಾಗೆಯೇ ಇತ್ತು. ಪಕ್ಕದ ಕೋಶದಲ್ಲಿ ಅಷ್ಟರಲ್ಲಿ ಗುಳ್ಳೆ ಶುರುವಾಗಿತ್ತು. ಕೋಶಗಳು ಲಕ್ಷಣವಾಗಿ ಸಾಯುತ್ತಿದ್ದವು, ಕಿಟ್‌ಗೆ ಮಾತ್ರ ಕಾಣುತ್ತಿರಲಿಲ್ಲ.

ಈ ಬಗೆಯ ಸಾವಿಗೆ ಅಪೊಪ್ಟೋಸಿಸ್ ಎಂಬ ಹೆಸರು ಸಿಕ್ಕಿದ್ದು 1972ರಲ್ಲಿ, ಕೆರ್, ವೈಲಿ ಮತ್ತು ಕರಿ ಎಂಬ ಮೂವರು ರೋಗವಿಜ್ಞಾನಿಗಳ ಪ್ರಬಂಧದಲ್ಲಿ. ಪದವನ್ನು ಹುಡುಕಿಕೊಟ್ಟವರು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರು. ಗ್ರೀಕಿನಲ್ಲಿ ಅದು ಮರದಿಂದ ಎಲೆ, ಹೂವಿನಿಂದ ದಳ ಉದುರುವುದಕ್ಕೆ ಇರುವ ಮಾತು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂಬ ಗಾದೆ ಕೇಳಿ ಬೆಳೆದವಳು ನಾನು. ಹೆಸರು ನನಗೆ ಕೂಡಲೇ ಹಿಡಿಸಿತ್ತು. ಇಲ್ಲಿ ನಗುತ್ತಿದ್ದದ್ದು ಚಿಗುರೆಲೆಯಲ್ಲ, ಕಿಟ್.

ಆಗ ಮೇಲಿನ ಎಡ ಮನೆಯ ಅರ್ಥ ಹೊಳೆಯಿತು. ಪೊರೆ ತೂತಾಗಿ ಕೆಂಪು ಬಣ್ಣ ಒಳಗೆ ಹೋಗಿದೆ ಎಂದಾದರೆ ಅದೇ ತೂತಿನಿಂದ ಅನೆಕ್ಸಿನ್ನೂ ಒಳಗೆ ಹೋಗಿ ಒಳಪದರದ ಕೊಬ್ಬಿಗೆ ಅಂಟಲೇಬೇಕು. ಕೆಂಪಿದ್ದು ಹಸಿರಿಲ್ಲದ ಕೋಶಗಳು ರಾಶಿ ರಾಶಿ ಕಂಡವು ಎಂದರೆ ಕೆಟ್ಟಿರುವುದು ಕೋಶವಲ್ಲ, ಹಸಿರು. ಪಕ್ಕದ ಪ್ರಯೋಗಾಲಯದಿಂದ ಹತ್ತು ಮೈಕ್ರೋಲೀಟರ್ ಅನೆಕ್ಸಿನ್ ಕಡ ತಂದು ಹಾಕಿದೆ. ಬಲಗಡೆಯ ಮನೆಗಳು ಜಾತ್ರೆಯಂತೆ ತುಂಬಿದವು.

ಗೇಟಿಗೆ ಹೋಗಿ ಕೇಳಿದೆ. ‘ಐಸ್ ಕರಗಿ ನೀರಾಗುತ್ತಿತ್ತು ಮೇಡಂ. ನಿಮ್ಮ ವಸ್ತು ಹಾಳಾಗಬಾರದು ಎಂದು ಕ್ಯಾಂಟೀನಿನ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ’ ಎಂದರು. ಅಷ್ಟು ಕಾಳಜಿಯಿಂದ ನನ್ನ ವಸ್ತು ಕಾಪಾಡಿದವರು ಆ ಸರಪಳಿಯಲ್ಲಿ ಅವರೊಬ್ಬರೇ. ಅನೆಕ್ಸಿನ್ ಟ್ಯೂಬನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿಸಲೇಬಾರದು. ಈ ಮಾತು ಎಲ್ಲಿ ಬರೆದಿತ್ತು ಗೊತ್ತೇ? ಪೆಟ್ಟಿಗೆಯ ಒಳಗೆ, ಎಂಟು ಮಡಿಕೆಯ ಕಾಗದದ ಮೂರನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಹೊರಗಿನ ಥರ್ಮಾಕೋಲಿನ ಮೇಲೆ ಇದ್ದದ್ದು ಹಿಮದ ಹರಳಿನ ಒಂದು ಚಿತ್ರ. ಆ ಚಿತ್ರ ನೋಡಿದ ಯಾರಾದರೂ ಐಸ್‌ಕ್ರೀಮ್ ಪೆಟ್ಟಿಗೆಯನ್ನೇ ಹುಡುಕುತ್ತಾರೆ. ವಿತರಕರು ‘ನಿಮ್ಮವರೇ ಸಹಿ ಹಾಕಿದ್ದಾರೆ’ ಎಂದು ಕೈತೊಳೆದುಕೊಳ್ಳಲು ನೋಡಿದರು. ಆರು ಇಮೇಲ್‌ಗಳ ನಂತರ ಬದಲಿ ಕಿಟ್ ಬಂತು. ಒಂದು ನಕ್ಷತ್ರ ಹೋದದ್ದು ಇಲ್ಲಿ.

ಎರಡನೆಯ ಕಿಟ್ ಬಗ್ಗೆ ದೂರಿಲ್ಲ. ಏನೂ ಹಾಕದ ಜರ್ಕಾಟ್ ಕೋಶಗಳಲ್ಲಿ ನೂರಕ್ಕೆ ಐದಾರು ಹಸಿರು. ಬೆಳೆಸುವಾಗ ಅಷ್ಟು ಸಾಯುವುದು ಸಹಜ. ಸಿಎಚ್-11 ಹಾಕಿ ನಾಲ್ಕು ಗಂಟೆಯಾದಾಗ ಮೂರರಲ್ಲಿ ಒಂದು ಪಾಲು ಕೆಳಗಿನ ಬಲ ಮನೆಯಲ್ಲಿ. ರಾತ್ರಿ ಕಳೆದರೆ ಬಹುಪಾಲು ಮೇಲಿನ ಬಲದಲ್ಲಿ. ಹಸಿರಿಗೂ ಹಸಿರಿಲ್ಲದ್ದಕ್ಕೂ ನಡುವಿನ ಕಣಿವೆ ಸ್ಪಷ್ಟ, ಗೆರೆ ಎಲ್ಲಿ ಎಳೆಯಬೇಕೆಂದು ಜಗಳವಿಲ್ಲ. ಎರಡೂ ಬಣ್ಣ ಒಂದೇ 488 ನ್ಯಾನೋಮೀಟರ್ ಲೇಸರಿಗೆ ಹೊಳೆಯುವುದರಿಂದ ಹಳೆಯ ಯಂತ್ರವೂ ಸಾಕು. ಆದರೆ ಹಸಿರಿನ ಬಾಲ ಕೆಂಪಿನೊಳಕ್ಕೆ ಸೋರುತ್ತದೆ. ಒಂದೊಂದೇ ಬಣ್ಣ ಹಚ್ಚಿದ ಮಾದರಿಗಳನ್ನು ಪ್ರತಿ ಸಲ ಇಟ್ಟು ಸೋರಿಕೆ ಕಳೆಯಲೇಬೇಕು. ಕಂಪನಿಯ ನೂರು ಪರೀಕ್ಷೆಯ ಲೆಕ್ಕದಲ್ಲಿ ಇವು ಸೇರಿರುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆಯಿದೆ. ಮದುವೆ ಮನೆಯ ಹಿತ್ತಲಿನಲ್ಲಿ ಎಂಜಲೆಲೆ ಎಣಿಸಿದರೆ ಎಷ್ಟು ಜನ ಉಂಡರು ಎಂದು ಹೇಳಬಹುದು, ಅಡುಗೆ ಯಾರದು ಎಂದು ಹೇಳಲಾಗದು. ಈ ಕಿಟ್ ಎಣಿಸುವುದು ಎಂಜಲೆಲೆ. ಕಿಟ್‌ನ ಮುಖಪುಟದಲ್ಲಿ ಮಾತ್ರ ಫಾಸ್ ರಿಸೆಪ್ಟರಿನಿಂದ ಹಿಡಿದು ಡಿಎನ್ಎವರೆಗೆ ಬಣ್ಣದ ಬಾಣಗಳಿರುವ ಚಿತ್ರ ಅಚ್ಚಾಗಿದೆ, ಇಡೀ ಅಡುಗೆಮನೆಯನ್ನೇ ನೋಡಿ ಬಂದವರಂತೆ.

ಅಡುಗೆಮನೆಯಲ್ಲಿ ನಡೆಯುವುದು ಹೀಗೆ. ಫಾಸ್ ರಿಸೆಪ್ಟರಿನ ಬಾಲ ಕೋಶದೊಳಗೆ ಇಳಿದಿರುತ್ತದೆ. ಅದರಲ್ಲಿ ಎಂಬತ್ತರಷ್ಟು ಅಮೈನೋ ಆಮ್ಲಗಳ ಒಂದು ಭಾಗಕ್ಕೆ ‘ಡೆತ್ ಡೊಮೈನ್’ ಎಂದೇ ಹೆಸರು. ಹೊರಗೆ ರಿಸೆಪ್ಟರುಗಳು ಗುಂಪಾದಾಗ ಒಳಗೆ ಬಾಲಗಳೂ ಗುಂಪಾಗುತ್ತವೆ, ಫ್ಯಾಡ್ ಎಂಬ ಪ್ರೋಟೀನ್ ಬಂದು ಅವಕ್ಕೆ ಕೊಂಡಿ ಹಾಕುತ್ತದೆ, ಅದರ ಇನ್ನೊಂದು ಕೈ ಕ್ಯಾಸ್ಪೇಸ್-8 ಎಂಬ ಕಿಣ್ವವನ್ನು ಹಿಡಿದು ತರುತ್ತದೆ. ಒಂಟಿಯಾಗಿದ್ದರೆ ಕೈಕಟ್ಟಿ ಕುಳಿತಿರುವ ಈ ಕಿಣ್ವಗಳು ಮೈಗೆ ಮೈ ತಾಗಿದ ಕೂಡಲೇ ಒಂದನ್ನೊಂದು ಕತ್ತರಿಸಿಕೊಂಡು ಚುರುಕಾಗುತ್ತವೆ. ಕೋಶಕ್ಕೆ ಸಾಯುವ ಮನಸ್ಸಿಲ್ಲದಿದ್ದರೆ ಎಫ್‌ಎಲ್‌ಐಪಿ ಎಂಬ ಪ್ರೋಟೀನು ಈ ಸಾಲಿನಲ್ಲಿ ನುಸುಳಿ ಜಾಗ ಹಿಡಿದು ಕೆಲಸ ಕೆಡಿಸುತ್ತದೆ. ಕೆಡಿಸದಿದ್ದರೆ ಮುಂದೆ ಎರಡು ದಾರಿ. ಕೆಲವು ಕೋಶಗಳಲ್ಲಿ ಕ್ಯಾಸ್ಪೇಸ್-8 ನೇರವಾಗಿ ಕಟುಕನಾದ ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. ನಮ್ಮ ಜರ್ಕಾಟ್ ಎರಡನೆಯ ಗುಂಪಿನದು. ಅಲ್ಲಿ ಆ ಸದ್ದು ಸಾಲದು. ಬಿಡ್ ಎಂಬ ಪ್ರೋಟೀನನ್ನು ಕತ್ತರಿಸಿ ಮೈಟೋಕಾಂಡ್ರಿಯಾಕ್ಕೆ ಕಳಿಸಬೇಕು, ಅಲ್ಲಿಂದ ಸೈಟೋಕ್ರೋಮ್-ಸಿ ಸೋರಿ ಹೊರಬರಬೇಕು, ಆಗ ಕ್ಯಾಸ್ಪೇಸ್-9, ಆಮೇಲೆ ಕ್ಯಾಸ್ಪೇಸ್-3. ಎಕ್ಸ್‌ಕೆಆರ್-8 ಎಂಬ ಪದರ ಕಲಸುವ ಪ್ರೋಟೀನನ್ನು ಕತ್ತರಿಸಿ ಎಬ್ಬಿಸುವುದು ಈ ಕ್ಯಾಸ್ಪೇಸ್-3ರ ಕೆಲಸ. ಕಿಟ್‌ಗೆ ಕಾಣುವುದು ಇಲ್ಲಿಂದ ಮುಂದೆ.

ಹಾಗಾಗಿ ಸ್ಟೌರೋಸ್ಪೋರಿನ್ ವಿಷ ಹಾಕಿ, ಅತಿನೇರಳೆ ಬೆಳಕು ಹಾಯಿಸಿ, ಸೀರಮ್ ಕೊಡದೆ ಉಪವಾಸ ಕೆಡವಿ, ಎಲ್ಲಕ್ಕೂ ಬರುವುದು ಅದೇ ಹಸಿರು. ಸಾವು ಫಾಸ್ ದಾರಿಯಲ್ಲೇ ಬಂತು ಎನ್ನಬೇಕಾದರೆ ಬೇರೆ ಸಾಕ್ಷಿ ಬೇಕು. ಕ್ಯಾಸ್ಪೇಸ್‌ಗಳನ್ನೆಲ್ಲ ಕಟ್ಟಿಹಾಕುವ ಝಡ್-ವ್ಯಾಡ್ ಎಂಬ ರಾಸಾಯನಿಕವನ್ನು ಮೊದಲೇ ಸೇರಿಸಿ, ಆಮೇಲೆ ಸಿಎಚ್-11 ಹಾಕಿದೆ. ಹಸಿರು ಏನೂ ಹಾಕದ ಕೋಶಗಳ ಮಟ್ಟಕ್ಕೆ ಇಳಿಯಿತು. ಕ್ಯಾಸ್ಪೇಸ್-8 ಇಲ್ಲದಂತೆ ಮಾಡಿದ ಜರ್ಕಾಟ್ ತಳಿ ಸಿಗುತ್ತದೆ, ಐ-9.2 ಎಂದು. ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಗಟ್ಟಿ. ಹಾವೇರಿಯ ಹುಡುಗಿಗೆ ನಾನು ಹೇಳಿದ್ದು: ಕಿಟ್‌ಗೆ ಇಪ್ಪತ್ತೇಳು ಸಾವಿರ ಇದೆ ಎಂದರೆ ಕೊಳ್ಳಬೇಡ. ಅದರ ಮೇಲೆ ಈ ಸಾಕ್ಷಿಗಳಿಗೂ ಹಣವಿದ್ದರೆ ಕೊಳ್ಳು.

ರಕ್ತದಿಂದ ತೆಗೆದ ಟಿ ಕೋಶಗಳ ಮೇಲೆ ಇದನ್ನು ಬಳಸುವವರಿಗೆ ಇನ್ನೆರಡು ಮಾತು, ಏಕೆಂದರೆ ನಾವು ಕೊನೆಗೆ ಹೋಗಬೇಕಿದ್ದದ್ದು ಅಲ್ಲಿಗೆ. ಸಹೋದ್ಯೋಗಿಯೊಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹತ್ತು ಮಿಲಿಲೀಟರ್ ರಕ್ತ ಕೊಟ್ಟರು. ಅಂದು ತೆಗೆದ ಕೋಶಗಳಿಗೆ ಅಂದೇ ಸಿಎಚ್-11 ಹಾಕಿದರೆ ಏನೂ ಆಗಲಿಲ್ಲ. ಈ ಸಲ ಕಿಟ್‌ನ ತಪ್ಪಲ್ಲ. ಸುಮ್ಮನಿರುವ ಟಿ ಕೋಶ ಫಾಸ್‌ಗೆ ಬಗ್ಗುವುದಿಲ್ಲ. ಪಿಎಚ್‌ಎ ಎಂಬ ಪ್ರೋಟೀನ್ ಹಾಕಿ ಕೆರಳಿಸಿ, ಟಿ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಕೊಟ್ಟು ಐದಾರು ದಿನ ಬೆಳೆಸಿದ ಮೇಲೆ ಅದೇ ಕೋಶಗಳು ಅದೇ ಪ್ರತಿಕಾಯಕ್ಕೆ ಸಾಲಾಗಿ ಬಿದ್ದವು. ದೇಹದ ಲೆಕ್ಕಾಚಾರವೂ ಇದೇ. ಸೋಂಕು ಬಂದಾಗ ಒಂದು ಟಿ ಕೋಶ ಸಾವಿರಗಟ್ಟಲೆ ಆಗುತ್ತದೆ; ಯುದ್ಧ ಮುಗಿದ ಮೇಲೆ ಅಷ್ಟೂ ಸೈನ್ಯ ಊರಲ್ಲೇ ಉಳಿದರೆ ಊರನ್ನೇ ಸುಲಿಯುತ್ತದೆ. ಬಹಳ ದಿನ ದುಡಿದು ಮತ್ತೆ ಮತ್ತೆ ಕೆರಳಿದ ಕೋಶಕ್ಕೆ ಮಾತ್ರ ಕುಣಿಕೆ ಬಿಗಿಯುವಂತೆ ಏರ್ಪಾಟಿದೆ. ಎಎಲ್‌ಪಿಎಸ್ ಇದೆಯೇ ಎಂದು ಮಗುವಿನ ರಕ್ತ ಪರೀಕ್ಷಿಸುವಾಗಲೂ ಕೋಶಗಳನ್ನು ಹೀಗೆ ಬೆಳೆಸಿಯೇ ಫಾಸ್‌ಗೆ ಒಡ್ಡಿ ನೋಡುವುದು.

ಆದರೆ ಕೆರಳಿದ ಟಿ ಕೋಶ ಸಾಯದೆಯೂ ಸ್ವಲ್ಪ ಹೊತ್ತು ಆ ಒಳಗಿನ ಕೊಬ್ಬನ್ನು ಹೊರಗೆ ತೋರಿಸುತ್ತದೆ. ಕಿಟ್ ಅದಕ್ಕೂ ಹಸಿರು ಹಚ್ಚಿ ‘ಸಾವಿನ ಆರಂಭ’ ಎಂದು ಲೆಕ್ಕ ಬರೆಯುತ್ತದೆ. ಕಾಗದದ ಎಂಟು ಮಡಿಕೆಯಲ್ಲಿ ಎಲ್ಲೂ ಈ ವಿಷಯ ಇಲ್ಲ. ಮೂರು ಸಲ ಓದಿದ್ದೇನೆ. ಕ್ಯಾಸ್ಪೇಸ್-3ರ ಪರೀಕ್ಷೆಯನ್ನು ಜೊತೆಗೆ ಮಾಡದಿದ್ದರೆ ಬದುಕಿರುವವರ ಹೆಸರನ್ನು ಸತ್ತವರ ಪಟ್ಟಿಯಲ್ಲಿ ಅಚ್ಚು ಹಾಕಿಸಿದಂತಾಗುತ್ತದೆ. ಇನ್ನೊಂದು: ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇಡಿಟಿಎ ಟ್ಯೂಬು ಬಳಸಿದ್ದರೆ ಚೆನ್ನಾಗಿ ತೊಳೆಯಿರಿ. ಇಡಿಟಿಎ ಕ್ಯಾಲ್ಸಿಯಂ ನುಂಗುತ್ತದೆ, ಕ್ಯಾಲ್ಸಿಯಂ ಇಲ್ಲದೆ ಅನೆಕ್ಸಿನ್ ಅಂಟದು. ಬಣ್ಣ ಹಚ್ಚಿದ ಮೇಲೆ ಪಿಬಿಎಸ್‌ನಲ್ಲಿ ತೊಳೆದರೂ ಅದೇ ಗತಿ. ಬಫರ್ ಬಾಟಲಿ ಬೇಗ ಖಾಲಿಯಾದರೆ ಕಂಪನಿಯಿಂದ ಬೇರೆ ತರಿಸಬೇಡಿ. ಹೆಪ್ಸ್, ಉಪ್ಪು ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲ ಪ್ರಯೋಗಾಲಯದಲ್ಲೂ ಇರುತ್ತವೆ. ಬಳಸುವ ಹೊತ್ತಿಗೆ ಕ್ಯಾಲ್ಸಿಯಂ 2.5 ಮಿಲಿಮೋಲಾರ್ ಇದ್ದರೆ ಆಯಿತು. ನಾನು ನಾಲ್ಕು ತಿಂಗಳಿಂದ ಅದನ್ನೇ ಬಳಸುತ್ತಿದ್ದೇನೆ.

ಒಂದು ಗಂಟೆಯ ಗಡುವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಫ್ಲೋ ಸೈಟೋಮೀಟರ್ ಹನ್ನೊಂದು ಪ್ರಯೋಗಾಲಯಗಳಿಗೆ ಒಂದೇ. ನಿಮ್ಮ ಸರದಿಗಿಂತ ಮುಂಚಿನವರು ‘ಇನ್ನೊಂದೇ ಮಾದರಿ’ ಎನ್ನುತ್ತ ಮುಕ್ಕಾಲು ಗಂಟೆ ನುಂಗುತ್ತಾರೆ, ಅಷ್ಟರಲ್ಲಿ ಬಣ್ಣ ಹಚ್ಚಿದ ಕೋಶಗಳು ಕೆಳಗಿನ ಬಲ ಮನೆಯಿಂದ ಮೇಲಿನ ಬಲಕ್ಕೆ ನಡೆದುಬಿಟ್ಟಿರುತ್ತವೆ. ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು, ಒಳಗಿನವರು ಎದ್ದದ್ದನ್ನು ಕಣ್ಣಾರೆ ಕಂಡ ಮೇಲೆ ಬಣ್ಣ ಹಾಕಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಸಿರು ಟ್ಯೂಬಿಗೆ ಐದಕ್ಕೆ ಐದು, ಮಾಹಿತಿ ಕಾಗದಕ್ಕೆ ಎರಡು, ತಲುಪಿಸಿದ ರೀತಿಗೆ ಸೊನ್ನೆ. ಗಣಿತ ಸರಿಹೋಗುವುದಿಲ್ಲ ಎಂದು ಗೊತ್ತು. ಮೂರನೆಯ ಕಿಟ್‌ಗೂ ಇದನ್ನೇ ಆರ್ಡರ್ ಮಾಡಿದ್ದೇನೆ.

ಗೇಟಿನ ಕೋಣೆಗೆ ನಮ್ಮ ಪ್ರಯೋಗಾಲಯದ ಹಳೆಯ ಪುಟ್ಟ ಫ್ರಿಜ್ ಕೊಟ್ಟಿದ್ದೇವೆ. ಅದರ ಮೇಲಿನ ಖಾನೆಯ ಬಾಗಿಲಿಗೆ ‘ಇಲ್ಲಿ ಬೇಡ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಕಳೆದ ಶನಿವಾರ ನಾಲ್ಕು ಗಂಟೆಗೆ ಫೋನ್ ಬಂತು. ‘ಮೇಡಂ, ಹಿಮದ ಚಿತ್ರದ ಪೆಟ್ಟಿಗೆ ಬಂದಿದೆ. ಸಹಿ ಹಾಕಿಲ್ಲ, ಹುಡುಗನನ್ನು ಇಲ್ಲೇ ಕೂರಿಸಿಕೊಂಡಿದ್ದೇನೆ. ನೀವು ಬಂದು ನೋಡಿ.’